ತೊಟ್ಟಿಲ ಕೋಣೆಯ ಗಾದಿಲಿಂಗಮ್ಮ

ಶ್ರೀರಾಮುಲು ಸೆಟ್ಟರ ಹತ್ತಿ ಮಿಲ್ಲು ಬೆಳಗ್ಗೆ ಕೂಗಿತೆಂದರೆ ಆದವಾನಿಯ ಆ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಏಳುತ್ತಿದ್ದರು. ನೀರಿಗೆ ಹೋಗುವವರು ಕೊಡ ಎತ್ತುತ್ತಿದ್ದರು. ಒಲೆ ಹಚ್ಚುವವರು ಹತ್ತಿಕಟ್ಟಿಗೆ ಮುರಿಯುತ್ತಿದ್ದರು. ಬಂಡಿ ಹೊಡೆಯುವ ನರಸಣ್ಣ ಮಗ್ಗುಲು ಬದಲಿಸಿ ಇನ್ನೊಂದು ನಿದ್ದೆ ತೆಗೆಯುತ್ತಿದ್ದ. ಅವನ ತಾಯಿ ಗಾದಿಲಿಂಗಮ್ಮ ಮಾತ್ರ ಸೆರಗನ್ನು ತಲೆಗೆ ಬಿಗಿದುಕೊಂಡು ಮಿಲ್ಲಿಗೆ ಓಡುತ್ತಿದ್ದಳು. ಆಕೆ ಮಿಲ್ಲಿನ ಕೆಲಸ ಬಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಆಕೆಯ ಜಾಗಕ್ಕೆ ಬಂದ ಸೊಸೆ ಸುಂಕಮ್ಮನ ತಲೆಯಲ್ಲೇ ಬಿಳಿ ಕೂದಲು ಕಾಣಿಸಿಕೊಂಡಿದ್ದವು.

“ಅತ್ತಿ, ಎಲ್ಲಿಗಿ ಹೊಂಟಿ?” ಎಂದು ಸುಂಕಮ್ಮ ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬರುತ್ತಿದ್ದಳು.

“ಕಿವಿ ಕೇಳಂಗಿಲ್ಲೇನು? ಕೂಗು ಆತಲ್ಲ!”

“ನಿನ್ನ ಕೆಲಸ ಯಾವಾಗೋ ಮುಗೀತು ಅತ್ತಿ. ಈಗ ನಾ ಹೋಗ್ತೀನಿ.”

“ನೀನೂ ಬಾ. ಬ್ಯಾಡ ಅಂದವರು ಯಾರು? ಹಿಟ್ಟಿನ ಕೈ ತೊಳಕೊಂಡು ಬಾ.”

ಗಾದಿಲಿಂಗಮ್ಮ ಈ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅದಕ್ಕೆ ಮುಂಚೆ ಪೆದ್ದಕಡುಬೂರಿನಲ್ಲಿ ಕಿರಿಮಗ ದುರುಗಣ್ಣನ ಹತ್ತಿರ ಇದ್ದಳು. ದುರುಗಣ್ಣ ಒಂದು ದಿನ ಸೇಂಗಾ ಚೀಲಗಳ ನಡುವೆ ತಾಯಿಯನ್ನೂ ಕೂಡಿಸಿಕೊಂಡು ಬಂದು ಅಣ್ಣನ ಬಾಗಿಲಲ್ಲಿ ಬಂಡಿ ನಿಲ್ಲಿಸಿದ. “ಅಣ್ಣಾ, ಸೇಂಗಾ ಪ್ಯಾಟಿಗಿ, ಅವ್ವ ನಿನಗ” ಎಂದ. “ಭಾಳ ಸಾಧು ಆಗ್ಯಾಳ. ಎಲ್ಲಿ ಕುಂದರಸ್ತಿ ಅಲ್ಲೇ ಕುಂದರ್ತಾಳ. ಮಾತಿಲ್ಲ, ಕತಿ ಇಲ್ಲ. ಮನ್ಯಾಗ ಅದಾಳೋ ಇಲ್ಲೋ ಗೊತ್ತೇ ಆಗಂಗಿಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ಮುದುಕಿಯ ಬುದ್ಧಿಗೆ ಮಂಜು ಕವಿದಿತ್ತು. ಆ ದಿನವೆಲ್ಲ ಗೋಡೆಗೆ ಒರಗಿ ಕಲ್ಲಿನಂತೆ ಕುಳಿತಿದ್ದಳು. ಬಾಯಿಗೆ ಇಟ್ಟರೆ ಅಗಿದಳು, ಇಡದಿದ್ದರೆ ಇಲ್ಲ. ಆದರೆ ಪೆದ್ದಕಡುಬೂರಿನಲ್ಲಿ ಮಿಲ್ಲಿರಲಿಲ್ಲ, ಕೂಗಿರಲಿಲ್ಲ. ಮರುದಿನ ಮುಂಜಾನೆ ಸೆಟ್ಟರ ಮಿಲ್ಲು ಕೂಗಿದಾಗ ಕಲ್ಲು ಎದ್ದು ನಿಂತಿತು. “ಏ ಸುಂಕಿ, ರೊಟ್ಟಿ ಕಟ್ಟು!” ಎಂದು ಮೊದಲ ಮಾತಾಡಿತು. ಸುಂಕಮ್ಮನಿಗೆ ಅಳುವಷ್ಟು ಸಂತೋಷವಾಯಿತು. ಆ ಸಂತೋಷ ಒಂದೇ ದಿನ.

ಆಮೇಲಿನದೆಲ್ಲ ಓಟ. ಸುಂಕಮ್ಮ ಅತ್ತೆಯನ್ನು ಮಿಲ್ಲಿನ ಗೇಟಿನಿಂದ ಹಿಡಿದು ತಂದು ಮನೆಗೆ ಬಿಟ್ಟು ಮತ್ತೆ ಮಿಲ್ಲಿಗೆ ಓಡುವಷ್ಟರಲ್ಲಿ ಮೇಸ್ತ್ರಿ ಮೌಲಾಲಿ ಹೆಸರು ಕೂಗಿ ಹಾಜರಿ ಮುಗಿಸಿರುತ್ತಿದ್ದ. ಮಧ್ಯಾಹ್ನದ ಕೂಗಿಗೆ ಮತ್ತೆ ಅದೇ ಕತೆ. ಮೌಲಾಲಿ ಒಳ್ಳೆಯವನು. ಹಳೆ ಪರಿಚಯಕ್ಕೆ ಒಂದು ದಿನ ತಮಾಷೆಗೆಂದು “ಗಾದಿಲಿಂಗಮ್ಮಾ!” ಎಂದು ಕೂಗಿದ. ಗೇಟಿನ ಹತ್ತಿರದಿಂದ “ಅದೀನಿ!” ಎಂದು ಖಣಖಣಿಸುವ ಉತ್ತರ ಬಂತು. ಅಂದಿನಿಂದ ಮುದುಕಿ ತನ್ನ ಹೆಸರು ಕೂಗುವ ತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ನರಸಣ್ಣ ಉಪಾಯ ಮಾಡಿದ. ಎತ್ತಿನ ಕೊರಳಿನ ಗಂಟೆ ಬಿಚ್ಚಿ ತಾಯಿಯ ಸೊಂಟಕ್ಕೆ ಕಟ್ಟಿದ.

“ಗಂಟಿ ಕೇಳಿದರ ಎತ್ತು ಎಲ್ಲೈತಿ ಅಂತ ಗೊತ್ತಾಗತೈತಿ. ಇದೂ ಹಂಗ” ಎಂದ.

“ಅಜ್ಜಿ ಎತ್ತಲ್ಲಪ್ಪ” ಎಂದಳು ಮಗಳು ಹುಸೇನಮ್ಮ. ಅವಳು ಐದನೇ ಇಯತ್ತೆ. ಮಾತು ಮಾತ್ರ ಹೈಸ್ಕೂಲಿನದು.

“ನಿನ್ನ ಯಾರು ಕೇಳಿದ್ರು? ಸಾಲಿಗಿ ನಡಿ.”

ನರಸಣ್ಣನ ಬಂಡಿ ಸ್ಟೇಷನ್ನಿಗೆ ಒತ್ತಿ ಕಟ್ಟಿದ ಹತ್ತಿಯ ಬೇಲು ಹೊರಲು ಹೋಗುವುದು ಹೊತ್ತೇರಿದ ಮೇಲೆ. ಅಲ್ಲಿಯ ತನಕ ತಾಯಿಯನ್ನು ನೋಡಿಕೊಳ್ಳುವುದು ಅವನ ಪಾಲಿನ ಕೆಲಸ. ಅವನು ಹಗ್ಗದ ಹೊರಸಿನ ಮೇಲೆ ಮಲಗಿ ಕಣ್ಣು ಮುಚ್ಚಿ ಗಂಟೆಗೆ ಕಿವಿಗೊಟ್ಟ. ಹಿತ್ತಲಲ್ಲಿ ಟಣ್ ಟಣ್ ಎನ್ನುತ್ತಿತ್ತು. ಬಾಗಿಲ ಹತ್ತಿರ ಬಂದು ಹೋಗುತ್ತಿತ್ತು. ಸ್ವಲ್ಪ ಹೊತ್ತು ನಿಂತು ಮತ್ತೆ ಬಾರಿಸುತ್ತಿತ್ತು. ಇಷ್ಟು ಸುಲಭದ ಕೆಲಸಕ್ಕೆ ಹೆಂಗಸರು ಯಾಕೆ ಇಷ್ಟು ಗೋಳಾಡುತ್ತಾರೆ ಎಂದುಕೊಂಡ.

ಸುಂಕಮ್ಮ ಬೆವರು ಸುರಿಸುತ್ತಾ ಬಾಗಿಲಲ್ಲಿ ನಿಂತಳು.

“ಅತ್ತಿ ಎಲ್ಲಿ?”

“ಹಿತ್ತಲದಾಗ ಅಡ್ಡಾಡಾಕ ಹತ್ಯಾಳ. ಗಂಟಿ ಕೇಳವಲ್ದೇನು ನಿನಗ?”

ಸುಂಕಮ್ಮ ಪಕ್ಕಕ್ಕೆ ಸರಿದಳು. ಆಕೆಯ ಬೆನ್ನ ಹಿಂದೆ ಗಾದಿಲಿಂಗಮ್ಮ ತಲೆಯ ತುಂಬ ಹತ್ತಿಯ ಧೂಳು ಮಾಡಿಕೊಂಡು ನಿಂತಿದ್ದಳು. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಟಣ್ ಟಣ್ ಎನ್ನುತ್ತಾ ಆಡು ಒಳಗೆ ಬಂತು. ಅದರ ಕೊರಳಲ್ಲಿ ಗಂಟೆ, ಬಾಯಲ್ಲಿ ನರಸಣ್ಣನ ರುಮಾಲು.

“ಗಂಟಿ ಕಟ್ಕೊಂಡು ಜಿನ್ನಿನ ಮುಂದ ಕುಂತರ ಮೇಸ್ತ್ರಿ ಬಿಡ್ತಾನೇನು?” ಎಂದು ಗಾದಿಲಿಂಗಮ್ಮ ಮಗನಿಗೆ ಬುದ್ಧಿ ಹೇಳಿದಳು. “ಹತ್ತಿ ಉಣಿಸೋವಾಗ ಬೆಲ್ಟಿಗಿ ಸಿಗ್ತೈತಿ. ನಿನಗ ಮಿಲ್ಲಿನ ಕೆಲಸ ಗೊತ್ತಿಲ್ಲ. ಸುಮ್ಕಿರು.”

ಶನಿವಾರ ಮೌಲಾಲಿ ಸುಂಕಮ್ಮನನ್ನು ಜಿನ್ನಿನ ಮುಂದಿನಿಂದ ಏಳಿಸಿ ಕರೆದ. ಹತ್ತಿಯಿಂದ ಕಾಳು ಬಿಡಿಸುವ ಆ ಯಂತ್ರಕ್ಕೆ ಹತ್ತಿ ಉಣಿಸುತ್ತಾ ಕೂತರೆ ಸುಂಕಮ್ಮನ ಕೈಗೆ ಸರಿಸಾಟಿ ಇರಲಿಲ್ಲ. ಆದರೆ ಕೂತರೆ ತಾನೇ!

“ತಂಗೀ, ಇನ್ನೊಂದು ಸಲ ಹಾಜರಿ ತಪ್ಪಿದಿ ಅಂದ್ರ ನಿನ್ನ ಜಿನ್ನಿಗಿ ಭೀಮಕ್ಕನ್ನ ಕುಂದರಸಬೇಕಾಗ್ತೈತಿ. ಇದು ನನ್ನ ಮಾತಲ್ಲ, ಗುಮಾಸ್ತರದು.”

“ನೀ ಒಂದು ಮಾತು ಹೇಳಬೇಕಿಲ್ಲೇನು ಮೌಲಾಲಿಯಣ್ಣಾ?”

“ಹೇಳಿದೆ. ಸೇತುಮಾಧವರಾಯರು ರೂಲ್ಸು ಅಂದ್ರು. ರೂಲ್ಸು ಅಂದಮ್ಯಾಲ ನಾ ಏನು ಮಾತಾಡ್ಲಿ? ಅದು ಏನಂತ ನನಗ ಗೊತ್ತಿದ್ದರಲ್ಲ.”

ಆ ಸಂಜೆ ಪುಂಡಿಪಲ್ಯ, ರೊಟ್ಟಿ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಸುಂಕಮ್ಮನ ಮುಖ ನೋಡಿ ಯಾರೂ ಅದರ ಮಾತೆತ್ತಲಿಲ್ಲ. ಗಾದಿಲಿಂಗಮ್ಮ ಮಾತ್ರ ಎತ್ತಿದಳು.

“ಉಪ್ಪು ಅಗ್ಗ ಆಗೈತೇನು?”

“ಅತ್ತಿ, ಸುಮ್ಮನ ಉಣ್ಣು” ಎಂದು ಸುಂಕಮ್ಮ ಗಂಡನ ಕಡೆ ತಿರುಗಿದಳು. “ಮಿಲ್ಲಿನಾಗಿನ ಜಾಗ ಹೋಗ್ತೈತಿ. ಏನು ಮಾಡೋದು ಹೇಳು.”

ನರಸಣ್ಣ ರೊಟ್ಟಿ ಮುರಿದ, ಅದ್ದಿದ, ತಿಂದ, ನೀರು ಕುಡಿದ. ಆಮೇಲೆ ಹೇಳಿದ. “ಹುಸೇನಮ್ಮನ್ನ ಸಾಲಿ ಬಿಡಸು. ಅಜ್ಜೀನ ಕಾಯ್ಲಿ.”

ಹುಸೇನಮ್ಮನ ಕೈ ತಾಟಿನಲ್ಲೇ ನಿಂತಿತು.

“ಸಾಲಿ ಬಿಡಿಸಂಗಿಲ್ಲ” ಎಂದಳು ಸುಂಕಮ್ಮ. “ಬೇಕಾದರ ನಿನ್ನ ಬಂಡಿ ಬಿಡಸ್ತೀನಿ.”

“ಬಂಡಿ ಬಿಟ್ಟರ ಎತ್ತಿಗಿ ಯಾರು ಹಾಕ್ತಾರ? ಹುಡಿಗಿ ಕಲ್ತು ಏನು ಕಲೆಕ್ಟರ್ ಆಗಬೇಕಾ?”

“ಬೇಲಿನ ಮ್ಯಾಲ ಬರದ ಊರಿನ ಹೆಸರು ಆಕಿ ಓದಿ ಹೇಳಿದಾಗ ಸ್ಟೇಷನ್ನಿನಾಗ ಎಲ್ಲಾರ ಮುಂದ ‘ನನ್ನ ಮಗಳು’ ಅಂತ ಎದಿ ಉಬ್ಬಿಸಿದವನು ಯಾರು?”

“ಅದು ಬ್ಯಾರೆ.”

“ಆಕೀನ ಮಿಲ್ಲಿಗಿ ಕಳಸ್ರಿ” ಎಂದು ಗಾದಿಲಿಂಗಮ್ಮ ನಡುವೆ ಬಾಯಿ ಹಾಕಿದಳು. “ಮೇಸ್ತ್ರಿಗಿ ನಾ ಹೇಳ್ತೀನಿ. ನನ್ನ ಮಾತು ನಡೀತೈತಿ ಅಲ್ಲಿ.”

“ಹಂಗಾದರ ಹಗ್ಗ” ಎಂದ ನರಸಣ್ಣ, ತಾಯಿಯ ಕಡೆ ನೋಡದೆ. “ಉದ್ದ ಹಗ್ಗ. ಹೊರಸಿನ ಕಾಲಿಗಿ. ಅಡ್ಡಾಡ್ತಾಳ, ಕುಂದರ್ತಾಳ, ಹೊರಗ ಮಾತ್ರ ಹೋಗಂಗಿಲ್ಲ.”

“ಗಂಟಿ ಆತು, ಈಗ ಗೂಟ ಬಂತಾ? ನಾಳೆ ಮೂಗಿಗಿ ಮೂಗುದಾರ ಹಾಕು. ಕಟ್ಟಿ ನೋಡು, ನಾ ಮಾಡಿದ ರೊಟ್ಟಿ ನಿನ್ನ ತಾಟಿಗಿ ಬಿದ್ದರ ಕೇಳು!”

ಮಾತು ಅಲ್ಲಿಗೆ ನಿಂತಿತು. ಸೋಮವಾರ ಮುಂಜಾನೆ ಸುಂಕಮ್ಮ ಕೂಗಿಗೆ ಮುಂಚೆಯೇ ಮನೆ ಬಿಟ್ಟಳು. “ನೀ ಹೋಗು, ನಾ ಎಚ್ಚರ ಇರ್ತೀನಿ” ಎಂದು ನರಸಣ್ಣ ಎಂದೂ ಇಲ್ಲದ ಮೆದು ದನಿಯಲ್ಲಿ ಹೇಳಿದ್ದ. ಆ ಮೆದು ದನಿಗೇ ಆಕೆ ಸಂಶಯಪಡಬೇಕಿತ್ತು.

ಕೂಗು ಆಯಿತು. ಹೆಂಗಸರು ಗೇಟಿನ ಒಳಗೆ ಸಾಲಾಗಿ ನಿಂತರು. ಅಂದು ಶ್ರೀರಾಮುಲು ಸೆಟ್ಟರೂ ಅಲ್ಲಿದ್ದರು. ಮನೆಯಲ್ಲಿ ತಾಯಿ ಅಚ್ಚಮ್ಮನ ಕೈಗೆ ಸಿಕ್ಕಿದರೆ ಮೊಣಕಾಲಿಗೆ ಎಣ್ಣೆ ತಿಕ್ಕಬೇಕಾಗುತ್ತದೆಂದು ಸೆಟ್ಟರು ನಸುಕಿಗೇ ಮಿಲ್ಲಿಗೆ ಬಂದುಬಿಡುವುದು ಊರಿಗೆಲ್ಲ ಗೊತ್ತಿತ್ತು. ಮೌಲಾಲಿ ಹೆಸರು ಕೂಗುತ್ತಾ ಬಂದ. ಸುಂಕಮ್ಮ “ಅದೀನಿ” ಎಂದಳು. ಹಾಜರಿ ಸಿಕ್ಕಿತೆಂದು ಉಸಿರು ಬಿಟ್ಟಳು.

ಗೇಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲ್ಲರೂ ತಿರುಗಿದರು. ಓಣಿಯ ಕಡೆಯಿಂದ ಒಂದು ಹೊರಸು ನಡೆದು ಬರುತ್ತಿತ್ತು. ನಾಲ್ಕು ಕಾಲು ಮೇಲೆ, ಹಗ್ಗದ ಹೆಣಿಗೆ ಕೆಳಗೆ. ಅದರ ಅಡಿಯಲ್ಲಿ ಗಾದಿಲಿಂಗಮ್ಮ. ಹರೆಯದಲ್ಲಿ ಹತ್ತಿಯ ಮೂಟೆ ಹೊತ್ತ ತಲೆ ಅದು. ಸಿಂಬಿ ಇಟ್ಟು ಹೊರಸನ್ನು ಹೊತ್ತುಕೊಂಡಿದ್ದಳು. ಹೊರಸಿನ ಕಾಲಿನಿಂದ ಆಕೆಯ ಪಾದದ ತನಕ ಉದ್ದನೆಯ ಹಗ್ಗ ಧೂಳಿನಲ್ಲಿ ಎಳೆಯುತ್ತಿತ್ತು.

“ಮೇಸ್ತ್ರೀ, ನನ್ನ ಹೆಸರು ಕೂಗಿದಿಯೇನು?” ಎಂದಳು ಹೊರಸಿನ ಕೆಳಗಿನಿಂದ.

ಮೌಲಾಲಿ ಹೆಸರು ಕೂಗಿದ. “ಗಾ… ಗಾದಿಲಿಂಗಮ್ಮಾ!”

“ಅದೀನಿ!”

ನಗು ಜೋರಾಗಿ ಎದ್ದಿತು. ಹಗ್ಗ ಆಕೆಯ ಕಾಲಿಗೆ ಕಟ್ಟಿದ್ದು ಕಂಡದ್ದೇ ಥಟ್ಟನೆ ನಿಂತಿತು. ಸುಂಕಮ್ಮ ಓಡಿ ಹೋಗಿ ಹೊರಸು ಇಳಿಸಿದಳು. ಗಂಟು ಬಿಚ್ಚಲು ಕೂತಳು. ಎತ್ತಿಗೆ ಹಾಕುವ ಗಂಟು ಅದು. ಯಾರು ಹಾಕಿದ್ದೆಂದು ಕೇಳಬೇಕಾಗಿರಲಿಲ್ಲ.

“ಏಂದಿದಿ? ಏನಿದು ಕತಿ?” ಎಂದು ಸೆಟ್ಟರು ಹತ್ತಿರ ಬಂದರು.

ಗಾದಿಲಿಂಗಮ್ಮ ಕಣ್ಣು ಕಿರಿದು ಮಾಡಿ ಅವರ ಹೊಟ್ಟೆ, ಬಂಗಾರದ ಗುಂಡಿ, ಮುಖ ಎಲ್ಲ ನೋಡಿದಳು. ಮುಖ ಅರಳಿತು.

“ದೊಡ್ಡ ಸೆಟ್ಟರ ಮಗನಲ್ಲೇನು? ಲೇ ಶ್ರೀರಾಮೂ! ಹತ್ತಿ ಅರಳಿ ಗುಡ್ಡಿ ಮ್ಯಾಲ ಮಕ್ಕೋಬ್ಯಾಡ ಅಂತ ನಿನಗ ಎಷ್ಟು ಸಲ ಹೇಳಬೇಕು? ಉಚ್ಚಿ ಹೊಯ್ದ ಅರಳಿ ಮುಂಬೈಯವರು ತಗೋತಾರೇನು?”

ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡರು. ಗುಮಾಸ್ತ ಸೇತುಮಾಧವರಾಯರು ಆಕಾಶ ನೋಡಿದರು. ಸೆಟ್ಟರ ಕಿವಿ ಕೆಂಪಾದವು. ನಿಜವೆಂದು ಅವರ ಕಿವಿಯೇ ಒಪ್ಪಿಕೊಂಡಿತ್ತು.

“ಸುಂಕಮ್ಮಾ” ಎಂದರು ಸೆಟ್ಟರು, ದನಿ ಗಟ್ಟಿಮಾಡಿ. “ನಿಮ್ಮತ್ತೀನ ಮನ್ಯಾಗ ಇಟ್ಕೊಳ್ಳಾಕ ಬರಂಗಿಲ್ಲೇನಮ್ಮಾ?”

ಸುಂಕಮ್ಮ ಸೆಟ್ಟರ ಮುಂದೆ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿದವಳಲ್ಲ. ಅಂದು ಹಗ್ಗ ಕೈಯಲ್ಲಿತ್ತು.

“ಬಿಟ್ಟರ ಇಲ್ಲಿಗಿ ಬರ್ತಾಳ್ರಿ ಸಾವ್ಕಾರ್ರೆ. ಕಟ್ಟಿದರ ಹೊರಸು ಹೊತ್ಕೊಂಡು ಬರ್ತಾಳ. ನಾ ಮನ್ಯಾಗ ಕುಂತರ ನಮ್ಮ ಒಲಿ ಆರತೈತಿ. ಮಗಳ ಸಾಲಿ ಬಿಡಸ್ರಿ ಅಂತೀರೇನು? ಅದೊಂದು ಆಗಂಗಿಲ್ಲ. ಮತ್ತೇನು ಮಾಡಬೇಕು ನೀವೇ ಹೇಳ್ರಿ.”

ಮೌಲಾಲಿ ಹೇಳಿದ. “ಸಾವ್ಕಾರ್ರೆ, ಈಕಿ ಒಬ್ಬಾಕಿದಲ್ಲ ಇದು. ಮಧ್ಯಾಹ್ನದ ಕೂಗಿಗಿ ಹೋದವರು ತಡ ಮಾಡಿ ಬರ್ತಾರ ಅಂತ ಬೈತೀರಲ್ಲ, ಎಲ್ಲಾರ ಮನ್ಯಾಗೂ ಒಂದೊಂದು ಹಳೇ ಜೀವ ಐತಿ. ಭೀಮಕ್ಕನ ತಾಯಿಗಿ ಕಣ್ಣಿಲ್ಲ. ನನ್ನ ಮನ್ಯಾಗ ನಮ್ಮಮ್ಮ.”

“ನೀನು ಎಂದೂ ತಡ ಆಗಿ ಬಂದಿಲ್ಲಲ್ಲೋ?”

“ಬಂದೀನ್ರಿ. ಹಾಜರಿ ಕೂಗಾವ ನಾನೇ ಅಲ್ಲರಿ, ನಿಮಗ ಗೊತ್ತಾಗಿಲ್ಲ.”

ಸೆಟ್ಟರು ಮಿಲ್ಲಿನ ಅಂಗಳ ನೋಡಿದರು. ಹತ್ತಿಯ ಗುಡ್ಡೆಗಳು ಗೋಡೆಗಿಂತ ಎತ್ತರವಾಗಿದ್ದವು. ಹಂಗಾಮಿನ ನಡುವೆ ಒಳ್ಳೆಯ ಕೈ ಕಳೆದುಕೊಳ್ಳುವುದು ಅವರಿಗೂ ಬೇಕಿರಲಿಲ್ಲ. ನೋಡುತ್ತಾ ನೋಡುತ್ತಾ ಕಣ್ಣು ಮೂಲೆಯ ಬೀಗ ಹಾಕಿದ ಕೋಣೆಯ ಮೇಲೆ ನಿಂತಿತು.

ಅದು ತೊಟ್ಟಿಲ ಕೋಣೆ. ಹೆಂಗಸರು ದುಡಿಯುವ ಮಿಲ್ಲಿನಲ್ಲಿ ಕೂಸುಗಳಿಗೊಂದು ಕೋಣೆ ಇರಬೇಕೆಂದು ಹಿಂದಿನ ವರ್ಷ ಕಾರ್ಖಾನೆಗಳ ಇನ್‌ಸ್ಪೆಕ್ಟರು ಪಟ್ಟು ಹಿಡಿದು ಕಟ್ಟಿಸಿದ್ದರು. ಎರಡು ತೊಟ್ಟಿಲು, ಒಂದು ಮರದ ಕುದುರೆ. ಒಂದು ಕೂಸೂ ಬಂದಿರಲಿಲ್ಲ. ಕೋಣೆಯಲ್ಲಿ ಗೋಣಿತಟ್ಟು ತುಂಬಿತ್ತು. ತೊಟ್ಟಿಲಲ್ಲಿ ಇಲಿ ಮರಿ ಹಾಕಿತ್ತು.

“ರಾಯರೇ, ಬೀಗ ತಗೀರಿ. ಮುದುಕೇರು ಅಲ್ಲಿ ಕುಂದರಲಿ.”

“ಸಾವ್ಕಾರ್ರೆ!” ಸೇತುಮಾಧವರಾಯರ ಕನ್ನಡಕ ಜಾರಿತು. “ಕಾಯ್ದೆದಾಗ ಕೂಸುಗಳಿಗೆ ಅಂತ ಅದ. ಮುದುಕರಿಗೆ ಅಂತ ಎಲ್ಲಿ ಬರದದ?”

“ಮುದುಕರು ಬ್ಯಾಡ ಅಂತ ಬರದೈತೇನು?”

ರಾಯರು ಯೋಚಿಸಿದರು. “ಬ್ಯಾಡ ಅಂತಲೂ ಇಲ್ಲ.”

“ಮತ್ತೇನು! ಹಾಲು ಕುಡಸೋ ತಾಯಂದ್ರಿಗಿ ನಡುವ ಒಂದು ಗಳಿಗಿ ಬಿಡಬೇಕು ಅಂತ ಐತಲ್ಲ, ಹಂಗ ಇವರು ಒಬ್ಬೊಬ್ಬರೇ ಎದ್ದು ಹೋಗಿ ಮುದುಕೇರಿಗಿ ಅಂಬಲಿ ಕುಡಿಸಿ ಬರಲಿ. ಎದ್ದಾಕಿ ಜಿನ್ನು ಪಕ್ಕದಾಕಿ ನೋಡ್ಕೊಳ್ಳಲಿ. ಮಿಲ್ಲು ನಿಲ್ಲಬಾರದು, ಅಷ್ಟೇ. ಮತ್ತ, ಗಾದಿಲಿಂಗಮ್ಮ ಜಿನ್ನಿನ ಹತ್ತಿರ ಬರಬಾರದು.” ದನಿ ತಗ್ಗಿಸಿ ಸೇರಿಸಿದರು. “ನನ್ನ ಹತ್ತಿರಾನೂ.”

ಅಂದು ಸಂಜೆ ಸುಂಕಮ್ಮ ಗಂಡನೊಡನೆ ಜಗಳವಾಡಲಿಲ್ಲ. ಎಲ್ಲರಿಗೂ ಬಡಿಸಿ ನರಸಣ್ಣನ ತಾಟಿನಲ್ಲಿ ಸುತ್ತಿದ ಹಗ್ಗ ಇಟ್ಟಳು. ಅವನು ತಾನೇ ಎದ್ದು ಹಿಟ್ಟು ತೆಗೆದ. ಅವನು ಬಡಿದ ರೊಟ್ಟಿಗೆ ಆದವಾನಿ ಗುಡ್ಡದ ಆಕಾರ ಬಂದಿತ್ತು. ಆಡು ತಿಂದಿತು. ಊರಿನಲ್ಲಿ ಅವನಿಗೆ ಹೊರಸಿನ ನರಸಣ್ಣ ಎಂಬ ಹೆಸರು ನಿಂತಿತು.

ಮುಂದಿನ ವಾರಗಳಲ್ಲಿ ತೊಟ್ಟಿಲ ಕೋಣೆ ತುಂಬುತ್ತಾ ಬಂತು. ಭೀಮಕ್ಕನ ಕುರುಡು ತಾಯಿ ಬಂದಳು. ಮೌಲಾಲಿಯ ತಾಯಿ ಬಂದಳು. ಆಮೇಲೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಮನೆಯಲ್ಲಿ ಕೂಸುಗಳನ್ನು ಆಡಿಸುತ್ತಿದ್ದವರು ಈ ಮುದುಕಿಯರೇ. ಅವರು ಇಲ್ಲಿಗೆ ಬಂದ ಮೇಲೆ ಕೂಸುಗಳನ್ನು ಎಲ್ಲಿ ಬಿಡುವುದು? ಅವೂ ಕಂಕುಳಲ್ಲಿ ಬಂದವು. ಇಲಿಮರಿಗಳು ಮನೆ ಖಾಲಿ ಮಾಡಿದವು. ಬಾಗಿಲ ಹತ್ತಿರದ ಗಾಳಿ ಯಾರಿಗೆ ಎಂದು ದಿನಾ ಜಗಳ, ಯಾರ ಚಟ್ನಿಗೆ ಖಾರ ಹೆಚ್ಚು ಎಂದು ದಿನಾ ಪಂಚಾಯಿತಿ. ಗಾದಿಲಿಂಗಮ್ಮ ಅಲ್ಲಿಗೆ ಮೇಸ್ತ್ರಿ. ಮುಂಜಾನೆ ಎಲ್ಲರ ಹೆಸರು ಕೂಗುತ್ತಿದ್ದಳು. ಅರ್ಧ ಹೆಸರು ಯಾವಾಗಲೋ ಸತ್ತವರದು. ಇದ್ದವರೇ ಅವರ ಪರವಾಗಿ “ಅದೀನಿ” ಎನ್ನುತ್ತಿದ್ದರು.

ಒಂದು ದಿನ ಸೇತುಮಾಧವರಾಯರು ಸೆಟ್ಟರ ಮುಂದೆ ನಿಂತು ಕೆಮ್ಮಿದರು. ಸುಂಕಮ್ಮ ಅಂಬಲಿಯ ಗಡಿಗೆ ಹಿಡಿದು ಕಿಟಕಿಯ ಕೆಳಗೆ ಹೋಗುತ್ತಿದ್ದಳು.

“ನಮ್ಮ ತಂದೆಯವರು ಮಡಿಯಲ್ಲಿ ನಾನೇ ಬಡಿಸಬೇಕು ಅಂತಾರ. ಮಧ್ಯಾಹ್ನದ ಕೂಗಿಗೆ ಸ್ವಲ್ಪ ಮುಂಚೆ…”

“ಕಾಯ್ದೆದಾಗ ಐತೇನು ರಾಯರೇ?”

ರಾಯರು ನೆಲ ನೋಡಿದರು. “ಇಲ್ಲ. ಬ್ಯಾಡ ಅಂತಲೂ ಇಲ್ಲ.”

“ಹೋಗಿ ಬರ್ರಿ.”

ಉಗಾದಿ ಕಳೆದ ಮೇಲೆ ದುರುಗಣ್ಣ, ಅವನ ಹೆಂಡತಿ ಜಂಬಮ್ಮ ಉರುಕುಂದದ ಗುಡಿಗೆ ಹೋಗಿ ಬರುತ್ತಾ ಮನೆಗೆ ಬಂದರು. ಅವ್ವ ಖಣಖಣ ಮಾತಾಡುವುದನ್ನು ಕಂಡು ಜಂಬಮ್ಮನ ಕಣ್ಣು ಅಗಲವಾದವು.

“ನಮ್ಮಲ್ಲಿ ಕಲ್ಲಿನಂಗ ಕುಂದರ್ತಿದ್ದಳಲ್ಲಕ್ಕ! ಮಿಲ್ಲಿನಾಗ ಕೆಲಸ ಮಾಡ್ತಾಳಂತ? ಏನು ಕೊಡ್ತಾರ?”

“ಮಜ್ಜಿಗಿ ಕೊಡ್ತಾರ” ಎಂದಳು ಹುಸೇನಮ್ಮ.

“ಅವ್ವನ್ನ ನೀವೇ ಎಷ್ಟು ದಿನ ನೋಡ್ತೀರಿ, ಪಾಪ. ಬೇಕಾದರ ನಾವು ಕರಕೊಂಡು ಹೋಗ್ತೀವಿ” ಎಂದ ದುರುಗಣ್ಣ, ಅನುಮಾನದಿಂದ.

“ಕರಕೊಂಡು ಹೋಗಪ್ಪ” ಎಂದಳು ಸುಂಕಮ್ಮ ಚಹಾ ಸೋಸುತ್ತಾ. “ಬಂಡ್ಯಾಗ ಮಿಲ್ಲು ಹಿಡಿಸ್ತೈತೇನು ನೋಡು. ಅದನ್ನೂ ಹೇರ್ಕೊಂಡು ಹೋಗು.”

ಅವರು ಚಹಾ ಕುಡಿದು ಬರಿಗೈಯಲ್ಲೇ ಹೋದರು.

ಬಿಸಿಲು ಏರಿದ ಒಂದು ದಿನ ನರಸಣ್ಣನ ಎತ್ತುಗಳು ಖಾಲಿ ಬಂಡಿ ಎಳೆದುಕೊಂಡು ಓಡೋಡಿ ಮಿಲ್ಲಿಗೆ ಬಂದವು. ಆ ಎತ್ತುಗಳು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

“ಇನ್‌ಸ್ಪೆಕ್ಟರ್! ಕರ್ನೂಲಿನ ಇನ್‌ಸ್ಪೆಕ್ಟರ್ ರೈಲಿಳಿದಾನ. ಜಟಕಾ ಹತ್ತ್ಯಾನ!”

ಸೇತುಮಾಧವರಾಯರು ಪಂಚೆ ಎತ್ತಿ ಕಟ್ಟಿ ತೊಟ್ಟಿಲ ಕೋಣೆಗೆ ಹಾರಿದರು. ಸುಂಕಮ್ಮ ಆಗ ತನ್ನ ಪಾಳಿಯಂತೆ ಅತ್ತೆಗೆ ಅಂಬಲಿ ಕುಡಿಸುತ್ತಿದ್ದಳು.

“ಏಳ್ರಿ, ಎಲ್ಲಾರೂ ಏಳ್ರಿ! ಮುದುಕರೆಲ್ಲ ಹಿತ್ತಲ ಬಾಗಿಲಿಂದ ಮನೆಗೆ ನಡೀರಿ. ನಿಮ್ಮನ್ನ ಇಲ್ಲಿ ಕಂಡರೆ ಕೋಣೆಗೂ ಬೀಗ, ನನಗೂ ಬೀಗ!”

ಸುಂಕಮ್ಮ ಬಟ್ಟಲು ಹಿಡಿದೇ ಎದ್ದಳು. ಕೋಣೆಗೆ ಬೀಗವೆಂದರೆ ಮತ್ತೆ ಹಗ್ಗ, ಇಲ್ಲವೆ ಹುಸೇನಮ್ಮನ ಪಾಟಿ ಮೂಲೆಗೆ. “ಅತ್ತಿ, ಏಳು” ಎಂದಳು.

“ಕೂಗು ಆಗಿಲ್ಲ” ಎಂದಳು ಗಾದಿಲಿಂಗಮ್ಮ.

“ಇವತ್ತೊಂದಿನ…”

“ಕೂಗು ಆಗದ ಎದ್ದು ಹೋದವರ ಹಾಜರಿಗಿ ಕಾಟು ಹೊಡೀತಾರ. ಕುಂದರ್ರಿ ಎಲ್ಲಾರೂ.”

ಎಲ್ಲರೂ ಕೂತರು. ರಾಯರು ಸೆಟ್ಟರ ಹತ್ತಿರ ಓಡಿದರು. “ಸಾವ್ಕಾರ್ರೆ, ಕೂಗು ಹಾಕಸ್ರಿ! ಕೂಗಿದರೆ ಮಾತ್ರ ಏಳ್ತಾರಂತ!”

“ಕೂಗಿದರ ಜಿನ್ನು ಬಿಟ್ಟು ಎಲ್ಲಾರೂ ಉಣ್ಣಾಕ ಏಳ್ತಾರಲ್ರಿ! ಇನ್‌ಸ್ಪೆಕ್ಟರ್ ಬಂದು ನಿಂತ ಮಿಲ್ಲು ನೋಡಬೇಕೇನು?”

ಅಷ್ಟರಲ್ಲಿ ಜಟಕಾ ಬಂತು.

ಇನ್‌ಸ್ಪೆಕ್ಟರು ಸಣಕಲು ಮನುಷ್ಯ. ಮುಖದಲ್ಲಿ ದಾರಿಯ ಧೂಳು. ಜಿನ್ನು ನೋಡಿದರು, ಬೆಲ್ಟು ನೋಡಿದರು, ನೀರಿನ ಗಡಿಗೆ ನೋಡಿದರು. ಸೆಟ್ಟರು ಎಷ್ಟು ದಾರಿ ತಪ್ಪಿಸಿದರೂ ಕೊನೆಗೆ ತೊಟ್ಟಿಲ ಕೋಣೆಯ ಹೊಸ್ತಿಲಿಗೆ ಬೂಟಿನ ಕಾಲು ಇಟ್ಟರು.

“ಏ! ಮೆಟ್ಟು ಹೊರಗ ಬಿಡು” ಎಂದಳು ಗಾದಿಲಿಂಗಮ್ಮ. “ಕೂಸು ಮಕ್ಕೊಂಡಾವ.”

ಸೇತುಮಾಧವರಾಯರು ಕಣ್ಣು ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಹಿಂದಕ್ಕೆ ಸರಿದು ಬಗ್ಗಿ ಬೂಟಿನ ದಾರ ಬಿಚ್ಚಿದರು. ಒಂದು ಕಾಲುಚೀಲದ ಹೆಬ್ಬೆರಳು ಹೊರಗೆ ಬಂದಿತ್ತು.

“ಹೊತ್ತಾಗಿ ಬಂದೀ. ಹೆಸರೇನು ನಿಂದು?”

ಗಾಬರಿಯಲ್ಲಿ ಇನ್‌ಸ್ಪೆಕ್ಟರು ಹೆಸರು ಹೇಳಿಬಿಟ್ಟರು. ಗಾದಿಲಿಂಗಮ್ಮ ಅದನ್ನು ಮಿಲ್ಲಿಗೆಲ್ಲ ಕೇಳುವಂತೆ ಕೂಗಿ ಉತ್ತರಕ್ಕೆ ಕಾದಳು.

“‘ಅದೀನಿ’ ಅನ್ರಿ ಸಾರ್” ಎಂದು ಸುಂಕಮ್ಮ ಪಿಸುಗುಟ್ಟಿದಳು. “ಅನ್ನದಿದ್ದರ ಬಿಡಂಗಿಲ್ಲ.”

“ಅದೀನಿ” ಎಂದರು ಇನ್‌ಸ್ಪೆಕ್ಟರು. ಒಳಗೆ ಬಂದು ಕೂತ ತಕ್ಷಣ ಅವರ ಮಡಿಲಿಗೆ ಒಂದು ಕೂಸು ಬಂತು. ಕೂಸು ಮುಖ ನೋಡಿ ಚೀರಿತು.

ಇನ್‌ಸ್ಪೆಕ್ಟರು ಕೂಸನ್ನು ಹೇಗೆ ಹಿಡಿಯಬೇಕೋ ತಿಳಿಯದೆ ಸುತ್ತ ನೋಡಿದರು. “ಎಷ್ಟು ಮಿಲ್ಲು ತಿರಿಗೀನಿ, ತೊಟ್ಟಿಲ ರೂಮಿಗಿ ಎಲ್ಲಾ ಕಡಿ ಬೀಗ. ಕೂಸಿನ ಅಳು ಕೇಳಿದ್ದು ಇವತ್ತೇ. ಸರೇ, ಈ ಮುಸಲೋಳ್ಳು ಎವರು? ಈ ಮುದುಕೇರೆಲ್ಲ ಯಾರು?”

ಸೆಟ್ಟರು ರಾಯರನ್ನು ನೋಡಿದರು. ರಾಯರು ಮೌಲಾಲಿಯನ್ನು ನೋಡಿದರು. ಮೌಲಾಲಿ ಬೂಟು ನೋಡಿದ. ಅಂಬಲಿಯ ಬಟ್ಟಲು ಹಿಡಿದು ಕೂತಿದ್ದ ಸುಂಕಮ್ಮನೇ ಬಾಯಿ ಬಿಡಬೇಕಾಯಿತು.

“ಕೂಸು ನೋಡ್ಕೊಳ್ಳೋರು ಇವರೇ ಸಾರ್. ಇವರು ಮನ್ಯಾಗಿದ್ದರ ಕೂಸೂ ಮನ್ಯಾಗ. ಇವರು ಬಂದ್ರು, ಅವೂ ಬಂದ್ವು.”

“ಮತ್ತ ಇವರನ್ನ ಯಾರು ನೋಡ್ಕೊಂತಾರ?”

ಅಷ್ಟರಲ್ಲಿ ಗಾದಿಲಿಂಗಮ್ಮ ಬಾಯಿ ತೆರೆದು ಕಾಯುತ್ತಿದ್ದಳು. ಸುಂಕಮ್ಮ ಒಂದು ಗುಟುಕು ಕುಡಿಸಿ ಸೆರಗಿನಿಂದ ಗಲ್ಲ ಒರೆಸಿದಳು. “ನಾವು ಸಾರ್.”

ಇನ್‌ಸ್ಪೆಕ್ಟರು ಕೂಸನ್ನು ಮರಳಿ ಕೊಟ್ಟು ಎದ್ದರು. “ಸೆಟ್ಟಿಗಾರೂ, ಇಷ್ಟು ಜನಕ್ಕ ಈ ಕಿಟಕಿ ಸಾಲದು. ಇನ್ನೊಂದು ಇಡಸ್ರಿ” ಎಂದರು. ಗೇಟಿನ ತನಕ ಹೋದವರು ಬೂಟು ಮರೆತು ತಿರುಗಿ ಬಂದರು.

ಕಿಟಕಿ ಇಟ್ಟರು. ಬಾಗಿಲ ಗಾಳಿಯ ಜಗಳ ಕಿಟಕಿಗೂ ಹಬ್ಬಿತು.

ಹತ್ತಿ ಮುಗಿಯಿತು, ಮೋಡ ಬಂತು. ಹಂಗಾಮು ತೀರಿದ ಮೇಲೆ ಪ್ರತಿ ವರ್ಷದಂತೆ ಮಿಲ್ಲು ನಿಂತಿತು. ಮುಂದಿನ ಹಂಗಾಮಿಗೂ ಸುಂಕಮ್ಮನ ಜಿನ್ನು ಸುಂಕಮ್ಮನದೇ ಎಂದು ಸೆಟ್ಟರು ಎಲ್ಲರ ಮುಂದೆ ಹೇಳಿದರು. ಸುಂಕಮ್ಮ ಆ ಸಂಜೆ ಒಗ್ಗರಣಿ ಮಂಡಾಳು, ಮಿರ್ಚಿ ಮಾಡಿ ಹಂಚಿದಳು.

ಮರುದಿನ ಮುಂಜಾನೆ ಕೂಗು ಆಗಲಿಲ್ಲ. ಗಾದಿಲಿಂಗಮ್ಮ ಏಳಲಿಲ್ಲ.

ಅದರ ಮರುದಿನವೂ ಇಲ್ಲ. ಗೋಡೆಗೆ ಒರಗಿಸಿದರೆ ಒರಗಿದಳು. ಬಾಯಿಗೆ ಇಟ್ಟರೆ ಅರ್ಧ ಅಗಿದು ಮರೆತಳು. ಹುಸೇನಮ್ಮ ಶಾಲೆಯ ಪದ್ಯ ಹೇಳಿದಳು, ಸುಂಕಮ್ಮ ಬೇಕೆಂದೇ ಪಲ್ಯಕ್ಕೆ ಉಪ್ಪು ಸುರಿದಳು. ಮುದುಕಿ ಬೈಯಲೂ ಇಲ್ಲ. ಪೆದ್ದಕಡುಬೂರಿನ ಕಲ್ಲು ತಿರುಗಿ ಬಂದು ಮನೆಯಲ್ಲಿ ಕೂತಿತ್ತು.

ನರಸಣ್ಣ ಸೆಟ್ಟರ ಮನೆಗೆ ಹೋದ. ಸೆಟ್ಟರು ತಾಯಿಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಮಿಲ್ಲು ನಿಂತ ಮೇಲೆ ತಪ್ಪಿಸಿಕೊಳ್ಳಲು ಅವರಿಗೆ ಜಾಗವಿರಲಿಲ್ಲ.

“ಸಾವ್ಕಾರ್ರೆ, ಮುಂಜಾನೆ ಒಂದೇ ಒಂದು ಕೂಗು ಹಾಕಸ್ರಿ. ನಮ್ಮವ್ವ ಏಳವಲ್ಲಳು.”

“ಬಾಯ್ಲರ್ ತಣ್ಣಗಾಗೈತಿ ನಾಯನಾ. ಒಂದು ಕೂಗಿಗಿ ಬಂಡಿ ಕಟ್ಟಿಗಿ ಸುಡಬೇಕು. ಅಷ್ಟು ಸುಟ್ಟರ ಆಮ್ಯಾಲ ನಾನೇ ಬಾಯಿ ಬಡಕೊಂಡು ಕೂಗಬೇಕು.” ಸೆಟ್ಟರು ಎಣ್ಣೆಯ ಕೈ ಒರೆಸಿಕೊಂಡರು. “ಬೇಕಾದರ ಆ ತೊಟ್ಟಿಲು ನಿನ್ನ ಮನಿಗಿ ತಗೊಂಡು ಹೋಗು. ಮುದುಕೇರು, ಕೂಸು ನಿನ್ನ ಅಂಗಳದಾಗ ಕೂಡಲಿ. ಮಜ್ಜಿಗಿ ನಮ್ಮ ಮನಿಯಿಂದ ಬರ್ತೈತಿ.”

ನರಸಣ್ಣ ತೊಟ್ಟಿಲುಗಳನ್ನು ಬಂಡಿಗೆ ಹೇರಿಕೊಂಡು ಬಂದ. ದಾರಿಯುದ್ದಕ್ಕೂ ಸೆಟ್ಟರ ಮಾತು ಮೆಲುಕು ಹಾಕುತ್ತಿದ್ದ.

ಮರುದಿನ ನಸುಕಿನಲ್ಲಿ ಸುಂಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲಿನಿಂದ ಎಂಥದೋ ದನಿ ಎದ್ದಿತು. ಮೊದಲು ಕೋಣ ಕೂಗಿದಂತೆ, ಆಮೇಲೆ ನಾಯಿ ಊಳಿಟ್ಟಂತೆ. ಆಡು ಹಗ್ಗ ಹರಿದುಕೊಂಡು ಒಳಗೆ ಓಡಿ ಬಂತು. ಸುಂಕಮ್ಮ ಇಣುಕಿ ನೋಡಿದಳು. ಏಳುವ ಹೊತ್ತಿಗೆ ಮಗ್ಗುಲು ಬದಲಿಸುವ ಗಂಡ ತಿಪ್ಪೆಯ ಮೇಲೆ ನಿಂತಿದ್ದ. ಎರಡು ಕೈ ಬಾಯಿಗೆ ಹಿಡಿದು, ಕೊರಳ ನರ ಉಬ್ಬಿಸಿ ಮಿಲ್ಲಿನಂತೆ ಕೂಗುತ್ತಿದ್ದ. ಓಣಿಯ ಬಾಗಿಲುಗಳೆಲ್ಲ ತೆರೆದವು.

“ಹೊರಸಿನ ನರಸಣ್ಣಗ ಏನಾತು?” ಎಂದು ಯಾರೋ ಕೇಳಿದರು. ಅವನು ನಿಲ್ಲಿಸಲಿಲ್ಲ. ಇನ್ನೊಮ್ಮೆ ಉಸಿರೆಳೆದು ಕೂಗಿದ.

ಒಳಗೆ ಗೋಡೆಯ ಹತ್ತಿರ ಸರಕ್ಕೆಂದಿತು. ಗಾದಿಲಿಂಗಮ್ಮ ಎದ್ದು ಕೂತಿದ್ದಳು. ತಲೆ ಓರೆ ಮಾಡಿ ಕೇಳಿದಳು.

“ಕೂಗಿಗಿ ನೆಗಡಿ ಆಗೈತಿ” ಎಂದಳು. “ಎಂಜಿನ್ನಿಗಿ ಎಣ್ಣಿ ಹಾಕಸ್ರಿ ಅಂತ ಶ್ರೀರಾಮೂಗ ಹೇಳ್ರಿ.”

ಸೆರಗು ಬಿಗಿದುಕೊಂಡಳು. ಮುಂದಿನ ಬಾಗಿಲಿನಿಂದ ಹೊರಟು ಮನೆಯ ಸುತ್ತ ನಡೆದು, ತೊಟ್ಟಿಲು ಕಟ್ಟಿದ್ದ ಹಿತ್ತಲ ಅಂಗಳಕ್ಕೆ ಬಂದು ನಿಂತಳು. ಅಲ್ಲಿ ಸುಂಕಮ್ಮ ಹಿಟ್ಟಿನ ಕೈ ಸೊಂಟಕ್ಕೆ ಒರೆಸಿಕೊಂಡು ಮೌಲಾಲಿ ನಿಲ್ಲುವಂತೆ ನೆಟ್ಟಗೆ ನಿಂತಿದ್ದಳು. ಸೊಸೆ ಅತ್ತೆಯ ಹೆಸರು ಹಿಡಿದು ಕೂಗಬಾರದು. ಈ ಮನೆಗೆ ಬಂದಾಗಿನಿಂದ ಆಕೆ ಆ ಹೆಸರು ನಾಲಿಗೆಗೆ ತಂದಿರಲಿಲ್ಲ. ಸುತ್ತ ನೋಡಿದಳು. ಓಣಿಯೆಲ್ಲ ನೋಡುತ್ತಿತ್ತು. ನೋಡಲಿ.

“ಗಾದಿಲಿಂಗಮ್ಮಾ!”

“ಅದೀನಿ!”

“ಬಾ. ರೊಟ್ಟಿ ಆರತೈತಿ” ಎಂದಳು ಸುಂಕಮ್ಮ.